ಹಳೆಯ ವಿಡಿಯೊ ದೊಡ್ಡ ಟಿವಿಯಲ್ಲಿ ಮಸುಕೇಕೆ?

ಪ್ರಶ್ನೆ: ನಮ್ಮ ಹಳೆಯ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದ ವಿಡಿಯೊ ಹೊಸ ಟಿವಿಯಲ್ಲಿ ಮಸುಕಾಗಿ ಕಾಣುತ್ತದೆ, ಏಕೆ? ಎಚ್‌ಡಿ ಕ್ಯಾಮೆರಾ ಕೊಳ್ಳಬೇಕೆ?

ದೋಷ ಟಿವಿಯದಲ್ಲ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿಜಿಟಲ್ ಕ್ಯಾಮ್‌ಕಾರ್ಡರ್ ಚಿತ್ರವನ್ನು ಅಡ್ಡಕ್ಕೆ 720, ಎತ್ತರಕ್ಕೆ 576, ಒಟ್ಟು ಸುಮಾರು 4 ಲಕ್ಷ ಚುಕ್ಕಿಗಳಲ್ಲಿ ಹಿಡಿಯುತ್ತದೆ. ಪೂರ್ಣ ಎಚ್‌ಡಿ ಪರದೆಯಲ್ಲಿ 1920×1080, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಕೊರತೆಯನ್ನು ಟಿವಿ ಅಕ್ಕಪಕ್ಕದ ಬಣ್ಣ ನೋಡಿ, ಊಹಿಸಿ ತುಂಬುತ್ತದೆ. ಪುಟ್ಟ ರಂಗೋಲಿಯ ಚುಕ್ಕಿಗಳನ್ನೇ ಇಡೀ ಅಂಗಳಕ್ಕೆ ಹರಡಿದರೆ ಎಳೆಗಳ ನಾಜೂಕು ಉಳಿಯದು, ಹಾಗೆ. ಸೀರೆಯ ಜರಿ, ಅಜ್ಜಿಯ ಮುಖದ ಸುಕ್ಕು ಕ್ಯಾಮೆರಾದಲ್ಲೇ ದಾಖಲಾಗಿಲ್ಲ. ಯಾವ ಟಿವಿಯೂ ಅವನ್ನು ಮರಳಿ ತರಲಾರದು.

ದೊಡ್ಡ ಪರದೆಯಲ್ಲಿ ನೋಡುವವರಾದರೆ ಖಂಡಿತ ಎಚ್‌ಡಿ ಕೊಳ್ಳಿ. ಆದರೆ ಹಳೆಯ ಕ್ಯಾಮೆರಾ ಗುಜರಿಗೆ ಹಾಕಬೇಡಿ. ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅದು ಬೇಕಾಗುತ್ತದೆ.