ಎಣ್ಣೆ ಸುರಿಯುವ ಮುನ್ನ ಸೋರುವ ಜಾಗ ಹುಡುಕಿ

ಸಿಂಗಪುರದ ಆಂಗ್ ಮೋ ಕಿಯೋದಲ್ಲಿ ಈಗ ಉಳುಮೆಯೂ ಇಲ್ಲ, ಉಳುವ ಟ್ರ್ಯಾಕ್ಟರೂ ಇಲ್ಲ. ಒಂದು ಕಾಲಕ್ಕೆ ರಬ್ಬರ್ ತೋಟ, ಹಂದಿ ಸಾಕಣೆಯ ಹಳ್ಳಿಗಳಿದ್ದ ನೆಲದಲ್ಲಿ 1970ರ ದಶಕದಿಂದ ಸರ್ಕಾರಿ ವಸತಿ ಕಟ್ಟಡಗಳು ಎದ್ದವು. ಆದರೂ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡ ನಮ್ಮ ರೈತರು ಅಲ್ಲಿನ ಕೈಗಾರಿಕಾ ಪ್ರದೇಶದ ಕಾರು ಗ್ಯಾರೇಜುಗಳಿಂದ ಕಲಿಯಬೇಕಾದ್ದೊಂದು ಇದೆ.

ಸಿಂಗಪುರದಲ್ಲಿ ಎಷ್ಟೋ ಸಲ ಕಾರಿಗಿಂತ ಕಾರು ಇಟ್ಟುಕೊಳ್ಳುವ ಪರವಾನಗಿಯೇ ದುಬಾರಿ. 1990ರಲ್ಲಿ ಬಂದ ಈ ಪರವಾನಗಿಯ ಅವಧಿ 10 ವರ್ಷ. ನವೀಕರಿಸಿ ಓಡಿಸುವವರು ಪ್ರತಿವರ್ಷ ತಪಾಸಣೆಗೆ ಗಾಡಿ ಒಯ್ಯಬೇಕು. ಅಲ್ಲಿ ಕಾರಿನ ಅಡಿಭಾಗವನ್ನೂ ನೋಡುತ್ತಾರೆ. ಹಾಗಾಗಿ ಗ್ಯಾರೇಜಿನವರು ಸೋರಿದಷ್ಟು ಎಣ್ಣೆ ಸುರಿದು ದಿನ ದೂಡುವಂತಿಲ್ಲ, ಸೋರುವ ಜಾಗ ಹುಡುಕಲೇಬೇಕು. ನಮ್ಮಲ್ಲೋ ಎಣ್ಣೆ ಡಬ್ಬಿಯನ್ನು ಜೊತೆಗಿಟ್ಟುಕೊಂಡೇ ಹೊಲಕ್ಕೆ ಹೊರಡುತ್ತೇವೆ.

ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ. ಎಣ್ಣೆ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಮೊದಲು ಮಣ್ಣು, ಜಿಡ್ಡು ಕೆರೆದು, ಡೀಸೆಲ್ ಹಚ್ಚಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅನುಮಾನ ಬಂದ ಕಡೆ ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಚಾಲೂ ಮಾಡಿದರೆ ಮೊದಲ ಒದ್ದೆ ಗೆರೆ ಎದ್ದು ಕಾಣುತ್ತದೆ. ಕಪ್ಪಗಿದ್ದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂತೆ ನಾತ ಹೊಡೆದರೆ ಗೇರ್ ಆಯಿಲ್. ತೆಳ್ಳಗಿದ್ದು ಘಾಟು ವಾಸನೆ ಬಂದರೆ ಡೀಸೆಲ್. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಗಾಡಿ ಓಡಿಸಬೇಡಿ.

ದುಡ್ಡು ಪೋಲಾಗುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿರಬಹುದು, ಗೇರ್‌ಬಾಕ್ಸ್ ಮುಂದಿನ ಸೀಲ್ ಕೂಡ ಹೋಗಿರಬಹುದು. ಎರಡಕ್ಕೂ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಆದರೆ ಮೇಲಿನ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ ಸೋರಿ, ಎಣ್ಣೆ ಎಂಜಿನ್ ಹಿಂಬದಿಯಿಂದ ಇಳಿದು ಬಂದರೂ ಹೊರಗೆ ಹಾಗೇ ಕಾಣುತ್ತದೆ. ಅದು ಅಗ್ಗದ, ಅರ್ಧ ದಿನದ ಕೆಲಸ. ಬಿಚ್ಚುವ ಮೊದಲು ಬ್ರೀದರ್ ಪೈಪನ್ನೂ ನೋಡಿ. ಅದು ಕಸ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಹೊಸ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ.

ಸೀಲ್ ಬದಲಿಸುವಾಗ ಅದರ ತುಟಿ ಎಣ್ಣೆಯ ಕಡೆಗೇ ಇರಲಿ. ಶಾಫ್ಟ್ ಮೇಲೆ ಉಗುರಾಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಬಹುಕಾಲ ನಿಲ್ಲದು, ಮೊದಲು ಶಾಫ್ಟ್ ಸರಿಪಡಿಸಬೇಕು. ಡೀಸೆಲ್ ಪೈಪಿನ ತಾಮ್ರದ ವಾಷರ್‌ಗಳನ್ನು ಪ್ರತಿ ಸಲ ಹೊಸದು ಹಾಕಿ. ಪ್ಯಾಕಿಂಗ್‌ಗೆ ಹಚ್ಚುವ ಅನಬಾಂಡ್ ಅಂಟನ್ನು ತೆಳುವಾಗಿ ಸವರಿದರೆ ಸಾಕು. ಹೆಚ್ಚಾಗಿ ಮೆತ್ತಿದರೆ ಅದರ ಚೂರುಗಳು ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ.

ಎರಡು ಸೋರಿಕೆಗಳನ್ನು ಮಾತ್ರ ನಾಳೆಗೆ ದೂಡಬಾರದು. ಹಿಂದಿನ ಆಕ್ಸಲ್ ಸೀಲ್ ಹೋದರೆ ಎಣ್ಣೆ ಬ್ರೇಕ್ ಲೈನರ್‌ಗೆ ಇಳಿದು, ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ ಬ್ರೇಕ್ ಕೈಕೊಡಬಹುದು. ಹೈಡ್ರಾಲಿಕ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಒತ್ತಡದ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಅದನ್ನು ಕೈಯಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ಪತ್ತೆ ಮಾಡಿ. ಪೈಪ್ ಬಿಚ್ಚುವ ಮೊದಲು ನೇಗಿಲು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ. ಎಣ್ಣೆ ಚರ್ಮದೊಳಗೆ ಹೊಕ್ಕರೆ ಗಾಯ ಎಷ್ಟೇ ಚಿಕ್ಕದಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಟ್ರ್ಯಾಕ್ಟರಿನ ಅಡಿಗೆ ಬಗ್ಗಿ ನೋಡಲು ಯಾವ ತಪಾಸಣಾ ಕೇಂದ್ರವೂ ಬರುವುದಿಲ್ಲ. ಮುಂಗಾರಿನ ಉಳುಮೆ ಶುರುವಾಗುವ ಮೊದಲು ಒಂದು ರಾತ್ರಿ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಬಿದ್ದ ಕಲೆ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.