111 ಗೆಲುವು, ಒಂದು ಹೆಬ್ಬಾತು

ಹೆಬ್ಬಾತು ಇಳಿದಾಗ ಬೇಸ್‌ಬಾಲ್ ಪಂದ್ಯದ ಎಂಟನೇ ಇನಿಂಗ್ಸ್ ನಡೆಯುತ್ತಿತ್ತು. 2022ರ ಅಕ್ಟೋಬರ್ 12ರ ರಾತ್ರಿ, ಲಾಸ್ ಏಂಜಲೀಸಿನ ಡಾಡ್ಜರ್ ಸ್ಟೇಡಿಯಂ. ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು, ಬಹುಪಾಲು ನೀಲಿ ಅಂಗಿಯವರು. ಅವರ ತಂಡ ಡಾಡ್ಜರ್ಸ್ ಹಿಂದೆ ಬಿದ್ದಿತ್ತು. ಕತ್ತಲೊಳಗಿಂದ ದೀಪದ ಬೆಳಕಿಗೆ ಜಾರಿಬಂದ ಹಕ್ಕಿ ಔಟ್‌ಫೀಲ್ಡಿನ ಹುಲ್ಲಿನ ಮೇಲೆ ಕೂತು, ಕತ್ತು ನೆಟ್ಟಗೆ ಮಾಡಿ ಸುತ್ತಲೂ ನೋಡಿತು. ಆಟ ನಿಂತಿತು. ಮೈದಾನದ ಸಿಬ್ಬಂದಿ ಟವೆಲ್ಲು, ಕಸದ ಡಬ್ಬಿ ಹಿಡಿದು ಓಡಿಬಂದರು. ಒಂದಿಷ್ಟು ಅಟ್ಟಾಡಿಸಿದ ಮೇಲೆ ಟವೆಲ್ಲು ಹೊದಿಸಿ, ಡಬ್ಬಿಯೊಳಗಿಟ್ಟು ಹೊತ್ತೊಯ್ದರು.

ಮೇಲಿನ ಸ್ಟ್ಯಾಂಡಿನಲ್ಲಿದ್ದ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಪಕ್ಕದಲ್ಲಿದ್ದ ನನ್ನ ಅತಿಥೇಯ ಜಯನಗರದಲ್ಲಿ ಬೆಳೆದು ಕ್ಯಾಲಿಫೋರ್ನಿಯಾದಲ್ಲಿ ನೆಲೆಯಾದ ಎಂಜಿನಿಯರ್. ಅವನು ನೀಲಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, "ಕೂತ್ಕೊಳ್ಳಿ ಸರ್, ಅಪಶಕುನ" ಅಂದ. ಆ ವರ್ಷದ ಮೇ ತಿಂಗಳಲ್ಲಷ್ಟೇ ಅವನ ಇನ್ನೊಂದು ತಂಡ ಆರ್‌ಸಿಬಿ ಅಹಮದಾಬಾದಿನಲ್ಲಿ ರಾಜಸ್ಥಾನಕ್ಕೆ ಸೋತು, ಫೈನಲ್ಲಿಗೆ ಒಂದು ಮೆಟ್ಟಿಲು ಇರುವಾಗ ಮನೆಗೆ ಹೋಗಿತ್ತು. ಶಕುನಗಳ ವಿಚಾರದಲ್ಲಿ ಅವನಿಗೆ ಅನುಭವ ಸಾಕಷ್ಟಿತ್ತು.

ಆ ರಾತ್ರಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ 5-3ರಿಂದ ಗೆದ್ದಿತು. ಡಾಡ್ಜರ್ಸಿನ ಮೂರೂ ರನ್ ಒಂಟಿ ಹೋಮ್ ರನ್‌ಗಳು. ಬೇಸಿನ ಮೇಲೆ ಆಟಗಾರರು ಕಾದು ನಿಂತಾಗ ಒಬ್ಬನೂ ಹೊಡೆಯಲಿಲ್ಲ. ಕಾರು ಪಾರ್ಕಿಂಗಿನಿಂದ ಹೊರಬೀಳುವಷ್ಟರಲ್ಲಿ ನನಗೆ ಸ್ಕೋರು ಮರೆತೇಹೋಗಿತ್ತು. ತಲೆಯಲ್ಲಿ ಉಳಿದದ್ದು ಹೆಬ್ಬಾತು ಮಾತ್ರ.

ಮರುದಿನ ವಿಚಾರಿಸಿದೆ. ಅದು ಗ್ರೇಟರ್ ವೈಟ್-ಫ್ರಂಟೆಡ್ ಗೂಸ್. ಕೊಕ್ಕಿನ ಬುಡದಲ್ಲಿ ಬಿಳಿ ಪಟ್ಟಿ, ಕಿತ್ತಳೆ ಬಣ್ಣದ ಕಾಲು, ಹೊಟ್ಟೆಯ ಮೇಲೆ ಮಸಿ ಬಳಿದಂಥ ಕಪ್ಪು ಗೆರೆಗಳು. ಅಲಾಸ್ಕದ ಜೌಗಿನಲ್ಲಿ ಮರಿಮಾಡಿ, ಚಳಿ ಶುರುವಾಗುವ ಹೊತ್ತಿಗೆ ಶಾಂತಸಾಗರದ ಕರಾವಳಿಗುಂಟ ದಕ್ಷಿಣಕ್ಕೆ ಹಾರಿ ಕ್ಯಾಲಿಫೋರ್ನಿಯಾದ ಒಳನಾಡಿನ ಭತ್ತದ ಗದ್ದೆಗಳಲ್ಲಿ ಬೀಡುಬಿಡುವ ಜಾತಿ. ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳಿಗಾಗಿ ಬೆಳಗಿನ ಚಳಿಯಲ್ಲಿ ಕಾದವರಿಗೆ ಈ ಕುಲದ ಶಿಸ್ತು ಗೊತ್ತು. ಹಿಮಾಲಯ ದಾಟಿ ಬರುವ ಅವು ನಸುಕಿನಲ್ಲಿ ಸಾಲುಗಟ್ಟಿ ಹೊಲಗಳಿಗೆ ಹೊರಡುತ್ತವೆ, ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತವೆ. ಗುಂಪು ಬಿಟ್ಟ ಒಂಟಿ ಹೆಬ್ಬಾತನ್ನು ನಾನು ಅಲ್ಲಿ ಅಪರೂಪಕ್ಕೆ ಕಂಡಿದ್ದೇನೆ. ಲಾಸ್ ಏಂಜಲೀಸಿನ ಈ ಒಂಟಿ ವಲಸೆಗಾರ ಸ್ಟೇಡಿಯಮ್ಮಿನ ದೀಪಗಳಿಗೆ ಮರುಳಾಗಿ ದಾರಿ ತಪ್ಪಿತೆಂದು ನನ್ನ ಊಹೆ.

ಸ್ಯಾನ್ ಡಿಯಾಗೊದವರು ನನ್ನ ಊಹೆಗೆ ಕಾಯಲಿಲ್ಲ. ಎರಡು ದಿನದ ಬಳಿಕ ಐದು ಪಂದ್ಯಗಳ ಆ ನಾಕೌಟ್ ಸರಣಿ ಅವರ ಪೆಟ್ಕೊ ಪಾರ್ಕಿಗೆ ಬಂದಾಗ ಗ್ಯಾಲರಿಯ ತುಂಬ ಹೆಬ್ಬಾತು: ಟೋಪಿಯ ಮೇಲೆ, ಟೀ ಶರ್ಟಿನ ಮೇಲೆ, ಗಾಳಿ ತುಂಬಿದ ಬೊಂಬೆಯಾಗಿ, ದೊಡ್ಡ ಪರದೆಯ ಮೇಲೆ. 1909ರ ಕಬ್ಬಿಣ ವ್ಯಾಪಾರಿಗಳ ಇಟ್ಟಿಗೆ ಕಟ್ಟಡವನ್ನು ಕೆಡವದೆ, ಅದರ ಮೂಲೆಯನ್ನೇ ಫೌಲ್ ಕಂಬವಾಗಿಸಿಕೊಂಡು ಕಟ್ಟಿದ ಮೈದಾನ ಅದು. ಅಂಥ ಊರಿನವರು ಹಾರಿಬಂದ ಹಕ್ಕಿಯನ್ನು ಬಿಟ್ಟಾರೆಯೇ? ಮೂರನೇ ಪಂದ್ಯವೂ ಅವರದೇ ಆಯಿತು, 2-1.

ಇಲ್ಲಿ ಲೆಕ್ಕ ಸ್ವಲ್ಪ ಹೇಳಬೇಕು. ಬ್ರೂಕ್ಲಿನ್ ಬಿಟ್ಟು 1958ರಲ್ಲಿ ಪಶ್ಚಿಮ ಕರಾವಳಿಗೆ ಬಂದ ಡಾಡ್ಜರ್ಸ್ ತಂಡವನ್ನು 2012ರಲ್ಲಿ ಹೊಸ ಮಾಲೀಕರು ಎರಡು ಬಿಲಿಯನ್ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಅಲ್ಲಿಂದ ದುಡ್ಡಿಗೆ ಬರವಿಲ್ಲ. 2013ರಿಂದ 2022ರವರೆಗಿನ ಹತ್ತು ಋತುಗಳಲ್ಲಿ ಒಂಬತ್ತು ಸಲ ತಮ್ಮ ವಿಭಾಗದಲ್ಲಿ ಮೊದಲಿಗರು. ಉಳಿದ ಒಂದು ವರ್ಷವೂ 106 ಗೆಲುವು. ಆದರೆ ಚಾಂಪಿಯನ್ ಆದದ್ದು ಒಮ್ಮೆ, ಅದೂ ಕೋವಿಡ್ ಮೊಟಕುಗೊಳಿಸಿದ 2020ರ 60 ಪಂದ್ಯಗಳ ಋತುವಿನಲ್ಲಿ. 2022ರಲ್ಲಿ 162ರಲ್ಲಿ 111 ಗೆದ್ದರು, ತಂಡದ ಇತಿಹಾಸದಲ್ಲೇ ಹೆಚ್ಚು. ಪ್ಯಾಡ್ರೆಸ್ ಗೆದ್ದದ್ದು 89. ಪರಸ್ಪರ ಆಡಿದ 19 ಪಂದ್ಯಗಳಲ್ಲಿ 14 ಡಾಡ್ಜರ್ಸಿನದು. ಋತು ಶುರುವಾಗುವ ಮುನ್ನವೇ ಮ್ಯಾನೇಜರ್ ಡೇವ್ ರಾಬರ್ಟ್ಸ್ ಈ ವರ್ಷ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ನಮ್ಮದೇ ಎಂದು ರೇಡಿಯೊದಲ್ಲಿ ಘೋಷಿಸಿಬಿಟ್ಟಿದ್ದರು. ಬೆಂಗಳೂರಿನವರಿಗೆ ಈ ಘೋಷಣೆ ಎಲ್ಲೋ ಕೇಳಿದಂತೆ ಅನ್ನಿಸಿದರೆ ನಾನು ಹೊಣೆಯಲ್ಲ.

ನಾಲ್ಕನೇ ಪಂದ್ಯ, ಅಕ್ಟೋಬರ್ 15, ಶನಿವಾರ. ನಾವು ಲಾಸ್ ಏಂಜಲೀಸಿನ ಪೂರ್ವಭಾಗದ ಒಂದು ಟಾಕೊ ಅಂಗಡಿಯಲ್ಲಿ ಟಿ.ವಿ. ಎದುರು ಕೂತಿದ್ದೆವು. ಸ್ಯಾನ್ ಡಿಯಾಗೊದಲ್ಲಿ ಮಳೆ; ಆಟ ಅರ್ಧ ಗಂಟೆ ತಡವಾಯಿತು. ಏಳನೇ ಇನಿಂಗ್ಸಿನ ನಡುವಿನವರೆಗೆ ಡಾಡ್ಜರ್ಸ್ 3-0 ಮುಂದಿತ್ತು. ಐದು ಇನಿಂಗ್ಸ್ ಒಂದೂ ರನ್ ಕೊಡದ ಟೈಲರ್ ಆಂಡರ್ಸನ್‌ನನ್ನು ಹೊರತೆಗೆದಾಗಲೇ ಗಲ್ಲಾಪೆಟ್ಟಿಗೆಯವನು ಸ್ಪ್ಯಾನಿಷ್‌ನಲ್ಲಿ ಏನೋ ಗೊಣಗಿದ್ದ. ಏಳನೆಯದರಲ್ಲಿ ಪ್ಯಾಡ್ರೆಸ್ ಒಂದಾದ ಮೇಲೊಂದು ಹೊಡೆಯುತ್ತ 3-3 ಮಾಡಿತು. ಬ್ಯಾಟರ್ ಕ್ರೋನನ್‌ವರ್ತ್ ಕ್ರೀಸಿನಲ್ಲಿ ನಿಂತು ಒಂದು ಚೆಂಡು ನೋಡಿಯಾದ ಮೇಲೆ ರಾಬರ್ಟ್ಸ್ ಪಿಚರ್ ಬದಲಿಸಿದರು. ಅಂಗಡಿಯಲ್ಲಿ ಒಬ್ಬನಿಗೂ ಅರ್ಥವಾಗಲಿಲ್ಲ. ಸೂಚನೆ ಸಕಾಲಕ್ಕೆ ತಲುಪಲಿಲ್ಲವಂತೆ. ಹೊಸ ಪಿಚರ್‌ಗೆ ಕ್ರೋನನ್‌ವರ್ತ್ ಎರಡು ರನ್ನಿನ ಹೊಡೆತ ಕೊಟ್ಟ. 5-3. ಒಂಬತ್ತನೆಯದರಲ್ಲಿ ಜಾಶ್ ಹೇಡರ್ ಎಸೆದ ಕೊನೆಯ ಚೆಂಡಿಗೆ ಫ್ರೆಡ್ಡಿ ಫ್ರೀಮನ್ ಗಾಳಿಗೆ ಬೀಸಿದಾಗ 111 ಗೆಲುವಿನ ವರ್ಷ ಮುಗಿಯಿತು.

ಯಾರೂ ಟಿ.ವಿ. ಒಡೆಯಲಿಲ್ಲ. ಒಬ್ಬ ಹುಡುಗ ಟೋಪಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ಇನ್ನೊಬ್ಬ ರಾಬರ್ಟ್ಸ್ ಕೆಲಸ ಹೋಗಬೇಕೆಂದ, ಮೂರನೆಯವನು ಇಷ್ಟು ಸಂಬಳ ಎಣಿಸುವ ಬ್ಯಾಟರುಗಳನ್ನೇ ಕೇಳಬೇಕೆಂದ. ಐದು ದಿನ ಬಿಡುವು ಕೊಟ್ಟು ತುಕ್ಕು ಹಿಡಿಸಿದರು ಎಂಬುದು ನನ್ನ ಅತಿಥೇಯನ ವಾದ. ಆ ವರ್ಷ ಅಗ್ರ ತಂಡಗಳಿಗೆ ಮೊದಲ ಸುತ್ತಿನಿಂದ ವಿನಾಯಿತಿ ಇತ್ತು. ಅಷ್ಟೇ ಬಿಡುವು ಸಿಕ್ಕಿದ್ದ ಹ್ಯೂಸ್ಟನ್ ಅದೇ ಶನಿವಾರ ಎದುರಾಳಿಯನ್ನು ಮೂರಕ್ಕೆ ಮೂರು ಸೋಲಿಸಿ ಮುಗಿಸಿತ್ತು, ಆಮೇಲೆ ಚಾಂಪಿಯನ್ ಕೂಡ ಆಯಿತು. ತುಕ್ಕಿನ ವಾದ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ.

ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಟಿ.ವಿ. ಕಡೆ ನೋಡುತ್ತಲೇ ಇರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಪ್ಯಾನಿಷ್ ರೇಡಿಯೊ ಕೇಳುತ್ತಿದ್ದರು. ಎಲ್ಲರೂ ಏಳುವಾಗಲೂ ಅವರು ಏಳಲಿಲ್ಲ. ಯಾಕೆಂದು ಅತಿಥೇಯ ವಿಚಾರಿಸಿ ಹೇಳಿದ. 1959ರಿಂದ ಡಾಡ್ಜರ್ಸಿನ ಸ್ಪ್ಯಾನಿಷ್ ದನಿಯಾಗಿದ್ದ ಹೈಮೆ ಹಾರೀನ್ ಆ ಋತುವಿನ ಕೊನೆಗೆ ನಿವೃತ್ತರಾಗುವವರಿದ್ದರು. ತಂಡ ಗೆದ್ದಿದ್ದರೆ ಇನ್ನೂ ಕೆಲವು ರಾತ್ರಿ ಆ ದನಿ ಕೇಳುತ್ತಿತ್ತು. 64 ಋತುಗಳ ಕಾಮೆಂಟರಿ ಈ ಸೋಲಿನೊಂದಿಗೇ ಮುಗಿಯಿತು. ಇಂಗ್ಲಿಷ್ ದನಿಯಾಗಿದ್ದ ವಿನ್ ಸ್ಕಲಿ ಆಗಸ್ಟಿನಲ್ಲೇ ತೀರಿಕೊಂಡಿದ್ದರು. ಸಿರಿವಂತ ತಂಡದ ಅಭಿಮಾನಿಗೆ ಅಳುವ ಹಕ್ಕಿಲ್ಲ ಎಂದು ಅಮೆರಿಕದ ಉಳಿದ ಊರುಗಳವರು ಗೇಲಿ ಮಾಡುತ್ತಾರೆ. ಆ ಅಜ್ಜಿಯನ್ನು ಕಂಡ ಮೇಲೆ ನನಗೆ ಆ ಗೇಲಿ ರುಚಿಸುವುದಿಲ್ಲ. ಸಂಬಳದ ಪಟ್ಟಿ ಮಾಲೀಕರದು. ಸೋಲು ಮಾತ್ರ ಎಲ್ಲರಿಗೂ ಸಮಪಾಲು.

ಮತ್ತೆ ಪ್ರಾಣಿಗಳಿಗೆ ಬರುತ್ತೇನೆ, ಬಿಡಲಾಗುತ್ತಿಲ್ಲ. ಊರಿಗೆ ಮರಳಿ ಹಳೆಯ ವರದಿಗಳನ್ನು ಕೆದಕಿದಾಗ, ಹಣವಂತರು ಬೇಗ ಮನೆಗೆ ಹೋದಲ್ಲೆಲ್ಲ ಒಂದು ಜೀವಿ ಸಿಕ್ಕಿತು. 2002ರಲ್ಲಿ 103 ಗೆದ್ದ ನ್ಯೂಯಾರ್ಕ್ ಯಾಂಕೀಸನ್ನು ಮೊದಲ ಸರಣಿಯಲ್ಲೇ ಕೆಡವಿದ ಏಂಜಲ್ಸ್ ತಂಡಕ್ಕೆ ಪರದೆಯ ಮೇಲೆ ಕುಣಿಯುವ ಕೋತಿಯೇ ಲಾಂಛನ. 2007ರಲ್ಲಿ ಅದೇ ಯಾಂಕೀಸ್ ಕ್ಲೀವ್‌ಲ್ಯಾಂಡಿನಲ್ಲಿ ಒಂದು ರನ್ ಮುಂದಿದ್ದಾಗ ಈರೀ ಸರೋವರದ ಕಡೆಯಿಂದ ನುಸಿಗಳ ಮೋಡವೇ ಎದ್ದು ಬಂತು. ಎಳೆಯ ಪಿಚರ್ ಜೋಬಾ ಚೇಂಬರ್ಲೇನ್‌ನ ಬೆವರಿದ ಕತ್ತಿಗೆ, ಮುಖಕ್ಕೆ ನುಸಿ ಮೆತ್ತಿಕೊಂಡಿತು. ಔಷಧಿ ಸಿಂಪಡಿಸಿದರೂ ಜಗ್ಗಲಿಲ್ಲ. ಅವನ ಎಸೆತ ದಿಕ್ಕು ತಪ್ಪಿ ಸ್ಕೋರು ಸಮವಾಯಿತು, 11ನೇ ಇನಿಂಗ್ಸಿನಲ್ಲಿ ಪಂದ್ಯವೂ ಹೋಯಿತು. ಎದುರಾಳಿ ಪಿಚರ್ ಅದೇ ನುಸಿಗಳ ನಡುವೆ ಕಣ್ಣು ಮಿಟುಕಿಸದೆ ಎಸೆದಿದ್ದ ಎಂಬುದನ್ನು ನ್ಯೂಯಾರ್ಕಿನವರು ಹೇಳುವುದಿಲ್ಲ. 2011ರಲ್ಲಿ 102 ಗೆದ್ದ ಫಿಲಡೆಲ್ಫಿಯ ಸೇಂಟ್ ಲೂಯಿಸಿನಲ್ಲಿ ಆಡುವಾಗ ಪಿಚರ್ ಎಸೆಯುವ ಕ್ಷಣಕ್ಕೇ ಅಳಿಲೊಂದು ಬ್ಯಾಟರ್ ಮುಂದೆ ಓಡಿತು. ಎಸೆತ ಎಣಿಸಬೇಡಿ ಎಂದು ಪಿಚರ್ ವಾದಿಸಿದ, ಅಂಪೈರ್ ಒಪ್ಪಲಿಲ್ಲ. ಸೇಂಟ್ ಲೂಯಿಸ್ ಆ ವರ್ಷ ಚಾಂಪಿಯನ್ ಆಗಿ, ತನ್ನ ಉಂಗುರದ ಮೇಲೆ ಅಳಿಲನ್ನು ಕೆತ್ತಿಸಿತು.

ಇದನ್ನೆಲ್ಲ ನಂಬುವಷ್ಟು ಮುಗ್ಧ ನಾನಲ್ಲ. 2022ರ ಹೆಬ್ಬಾತು ಮುಂದಿನ ಸುತ್ತಿನಲ್ಲಿ ಪ್ಯಾಡ್ರೆಸಿಗೆ ಏನೂ ಮಾಡಲಿಲ್ಲ. 87 ಗೆಲುವಿನ ಫಿಲಡೆಲ್ಫಿಯ ಅವರನ್ನು 4-1ರಿಂದ ಮುಗಿಸಿತು. ಪ್ಯಾಡ್ರೆಸ್ ಬಡವರೂ ಅಲ್ಲ. ಮ್ಯಾನಿ ಮಚಾಡೊನಂಥ ದುಬಾರಿ ಆಟಗಾರ ಇದ್ದ ತಂಡಕ್ಕೆ ಆಗಸ್ಟಿನಲ್ಲಿ ಹುವಾನ್ ಸೋಟೊನನ್ನೂ ತಂದುಕೊಂಡವರು. ನಿಜವಾದ ಕಾರಣ ಬೇಸರ ಹುಟ್ಟಿಸುವಷ್ಟು ಸರಳ. ಒಂದು ತಂಡಕ್ಕೆ ಪ್ರತಿ ಪಂದ್ಯ ಗೆಲ್ಲುವ ಅವಕಾಶ ನೂರಕ್ಕೆ 60 ಇದೆ ಅನ್ನಿ. ಐದು ಪಂದ್ಯಗಳ ಸರಣಿ ಗೆಲ್ಲುವ ಅವಕಾಶ ನೂರಕ್ಕೆ ಸುಮಾರು 68. ಅಂದರೆ ಬಲಿಷ್ಠ ತಂಡವೂ ಮೂರರಲ್ಲಿ ಒಂದು ಸಲ ಮನೆಗೆ ಹೋಗಲೇಬೇಕು. ಇದು ಶಾಪವಲ್ಲ, ದ್ರೋಹವಲ್ಲ, ಗಣಿತ. ಆದರೆ ಗಣಿತವನ್ನು ಬೈಯಲಾಗದು, ಅದನ್ನು ಟೋಪಿಯ ಮೇಲೆ ಹಚ್ಚಿಕೊಳ್ಳಲೂ ಆಗದು. ಆದ್ದರಿಂದ ಸೋತವರಿಗೆ ಒಬ್ಬ ಮ್ಯಾನೇಜರ್ ಬೇಕು, ಗೆದ್ದವರಿಗೆ ಒಂದು ಹೆಬ್ಬಾತು ಬೇಕು.

ಡಾಡ್ಜರ್ಸ್ ಮಾಲೀಕರಿಗೆ ಈ ಗಣಿತ ಗೊತ್ತಿತ್ತು. 2023ರಲ್ಲಿ 100 ಗೆದ್ದು, 84 ಗೆಲುವಿನ ಅರಿಝೋನಾಗೆ ಮೂರಕ್ಕೆ ಮೂರು ಸೋತರೂ ಅವರು ರಾಬರ್ಟ್ಸ್‌ರನ್ನು ತೆಗೆಯಲಿಲ್ಲ. ಡಿಸೆಂಬರಿನಲ್ಲಿ ಶೋಹೇ ಒಟಾನಿ ಜೊತೆ ಹತ್ತು ವರ್ಷಕ್ಕೆ 700 ಮಿಲಿಯನ್ ಡಾಲರಿನ ಒಪ್ಪಂದ ಮಾಡಿಕೊಂಡರು. 2024ರಲ್ಲಿ ಅದೇ ಪ್ಯಾಡ್ರೆಸ್ ಎದುರು 1-2 ಹಿಂದೆ ಬಿದ್ದು, ಕೊನೆಯ ಎರಡು ಪಂದ್ಯಗಳಲ್ಲಿ ಒಂದೂ ರನ್ ಕೊಡದೆ ಗೆದ್ದರು. ಆ ವರ್ಷವೂ 2025ರಲ್ಲೂ ಚಾಂಪಿಯನ್ ಆದರು.

ಹಣದಿಂದ ಅಕ್ಟೋಬರಿನ ನಾಕೌಟ್ ಹಂತಕ್ಕೆ ಪ್ರವೇಶ ಖಂಡಿತ ಸಿಗುತ್ತದೆ, ಮತ್ತೆ ಮತ್ತೆ ಸಿಗುತ್ತದೆ. ಆ ಐದು ಪಂದ್ಯಗಳ ಫಲಿತಾಂಶ ಮಾತ್ರ ಹಣದ ಕೈಲಿಲ್ಲ. ಬೇಸ್‌ಬಾಲ್ ಬೇಸರದ ಆಟ ಎನ್ನುವವರು ವರ್ಲ್ಡ್ ಸೀರೀಸಿಗಾಗಿ ಕಾಯಬೇಡಿ. ಅಕ್ಟೋಬರ್ ಮೊದಲೆರಡು ವಾರದ ಈ ಚಿಕ್ಕ ಸರಣಿಗಳನ್ನು ನೋಡಿ. ಕ್ಯಾಲಿಫೋರ್ನಿಯಾದ ಸಂಜೆಯ ಪಂದ್ಯ ನಮ್ಮಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ, ಏಳರ ಆಸುಪಾಸಿಗೆ ಶುರುವಾಗುತ್ತದೆ.