ಎಣ್ಣೆಯ ಪೀಪಾಯಿ ಮತ್ತು ಗಾಳಿಯ ಲೆಕ್ಕ

ಗಾಳಿಯಂತ್ರವೆಂದೊಡನೆ ಎತ್ತರದ ಕಂಬದ ತುದಿಯಲ್ಲಿ ತಿರುಗುವ ಮೂರು ರೆಕ್ಕೆಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲಿರುವವು ಅಂಥವೇ. ಅವುಗಳ ಅಚ್ಚು ಬಂಡಿಯ ಅಚ್ಚಿನಂತೆ ಅಡ್ಡಲಾಗಿ ಮಲಗಿರುತ್ತದೆ. ಅಚ್ಚನ್ನು ನೆಟ್ಟಗೆ ನಿಲ್ಲಿಸಿ, ಕುಂಬಾರನ ತಿಗರಿಯಂತೆ ಸುತ್ತಿಸುವ ಇನ್ನೊಂದು ಬಗೆಯೂ ಉಂಟು. ಅದು ಇದಕ್ಕಿಂತ ಹಳೆಯದು. ಇರಾನಿನ ಖೊರಾಸಾನ್ ಪ್ರಾಂತದ ನಶ್ತೀಫಾನ್ ಎಂಬ ಊರಿನಲ್ಲಿ, ಮಣ್ಣಿನ ಗೋಡೆಗಳ ನಡುವೆ ಮರದ ಹಲಗೆಗಳನ್ನು ನಿಲ್ಲಿಸಿ ಕಟ್ಟಿದ ಅಂಥ ಪುರಾತನ ಗಾಳಿಗಿರಣಿಗಳು ಇಂದಿಗೂ ನಿಂತಿವೆ.

ಸ್ವಂತ ಕೈಯಿಂದ ಗಾಳಿಯಂತ್ರ ಮಾಡಿಕೊಳ್ಳಬೇಕೆನ್ನುವವರನ್ನು ಹೆಚ್ಚಾಗಿ ಸೆಳೆಯುವುದು ಈ ನೆಟ್ಟನೆಯ ಅಚ್ಚಿನ ಯಂತ್ರವೇ. ಅದರ ಅತ್ಯಂತ ಸರಳ ರೂಪವನ್ನು ಫಿನ್‌ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ಕೇಳುಗರು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. 200 ಲೀಟರಿನ ಎಣ್ಣೆಯ ಪೀಪಾಯಿಯೊಂದನ್ನು ಮೇಲಿನಿಂದ ಕೆಳಕ್ಕೆ ಸರಿಯಾಗಿ ಎರಡು ಹೋಳು ಮಾಡಿ. ಹೋಳುಗಳನ್ನು ಮತ್ತೆ ಒಂದಕ್ಕೊಂದು ಕೂಡಿಸದೆ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಜರುಗಿಸಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಕಾಣಬೇಕು. ನಡುವೆ ಹೋಳುಗಳು ಸುಮಾರು ಒಂದು ಗೇಣಿನ ಅರ್ಧದಷ್ಟು ಒಂದನ್ನೊಂದು ದಾಟಿರಲಿ. ಮೇಲೂ ಕೆಳಗೂ ದುಂಡನೆಯ ಹಲಗೆ ಬಿಗಿದು, ನಡುವೆ ಅಚ್ಚು ತೂರಿಸಿ, ಎರಡು ಬೇರಿಂಗುಗಳ ಮೇಲೆ ನಿಲ್ಲಿಸಿದರೆ ಯಂತ್ರ ಸಿದ್ಧ.

ಇದು ತಿರುಗುವುದೇಕೆ? ಗಾಳಿಗೆ ಬಾಯ್ದೆರೆದ ಹೋಳು ಗಾಳಿಯನ್ನು ತಡೆದು ಹಿಡಿಯುತ್ತದೆ. ಬೆನ್ನು ತೋರಿದ ಹೋಳಿನ ಮೇಲೆ ಗಾಳಿ ಜಾರಿ ಹೋಗುತ್ತದೆ. ಮೊದಲನೆಯದರ ಮೇಲಿನ ಒತ್ತಡ ಎರಡನೆಯದರ ಸುಮಾರು ಇಮ್ಮಡಿ. ಈ ವ್ಯತ್ಯಾಸವೇ ಯಂತ್ರವನ್ನು ಸುತ್ತಿಸುತ್ತದೆ. ನಡುವಿನ ಸಂದಿನಿಂದ ನುಸುಳಿದ ಗಾಳಿ ಹಿಂದೆ ಬರುತ್ತಿರುವ ಹೋಳನ್ನು ಒಳಗಿನಿಂದ ತಳ್ಳಿ ಸಹಾಯ ಮಾಡುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಸರಿಯೇ. ಯಂತ್ರ ಮುಖ ತಿರುಗಿಸಬೇಕಾಗಿಲ್ಲ. ಡೈನಮೊ ಮೊದಲಾದ ಭಾರದ ಸಾಮಾನುಗಳನ್ನು ಬುಡದಲ್ಲೇ ಇಡಬಹುದು. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಎಲ್ಲ ಕೆಲಸವೂ ಆಗುತ್ತದೆ.

ಇಷ್ಟೆಲ್ಲ ಅನುಕೂಲವಿದ್ದೂ ಇದು ಮನೆಮನೆಗೂ ಬರಲಿಲ್ಲವೇಕೆ? ಉತ್ತರ ಲೆಕ್ಕದಲ್ಲಿದೆ. ನಮ್ಮ ಪೀಪಾಯಿಯ ಯಂತ್ರ ಗಾಳಿಗೆ ಒಡ್ಡುವ ಮೈ ಸುಮಾರು 0.9 ಚದರ ಮೀಟರ್. ಸೆಕೆಂಡಿಗೆ 5 ಮೀಟರ್, ಎಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿ ಅಷ್ಟು ಜಾಗದಲ್ಲಿ ಹೊತ್ತು ತರುವ ಸಾಮರ್ಥ್ಯ ಸುಮಾರು 70 ವ್ಯಾಟ್. ಅದರಲ್ಲಿ ಶೇಕಡ 59ಕ್ಕಿಂತ ಹೆಚ್ಚನ್ನು ಯಾವ ಗಾಳಿಯಂತ್ರವೂ ಕಸಿದುಕೊಳ್ಳಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರ ಸುಮಾರಿಗೆ ತೋರಿಸಿಕೊಟ್ಟ. ಪೀಪಾಯಿಗೆ ದಕ್ಕುವುದು ಶೇಕಡ 15ರ ಆಸುಪಾಸು: ಹತ್ತು ವ್ಯಾಟು! ಒಂದು ಸಣ್ಣ ದೀಪಕ್ಕಾದೀತು. ಗಾಳಿಯ ವೇಗ ಅರ್ಧಕ್ಕಿಳಿದರೆ ಸಾಮರ್ಥ್ಯ ಎಂಟನೆಯ ಒಂದು ಪಾಲಿಗಿಳಿದು, ಒಂದೂಕಾಲು ವ್ಯಾಟು ಉಳಿಯುತ್ತದೆ. ವೇಗ ಇಮ್ಮಡಿಸಿದರೆ ಎಂಟು ಮಡಿಯಾಗುತ್ತದೆ. ಆದ್ದರಿಂದ ಪೀಪಾಯಿಯ ಅಂದಕ್ಕಿಂತ ಅದನ್ನು ನಿಲ್ಲಿಸುವ ಜಾಗವೇ ಮುಖ್ಯ. ಮನೆಯ ಮಾಳಿಗೆ ಹೆಚ್ಚಾಗಿ ತಕ್ಕ ಜಾಗವಲ್ಲ. ಅಲ್ಲಿ ಗಾಳಿ ಗೋಡೆಗಳಿಗೆ ಬಡಿದು ಸುಳಿಸುಳಿಯಾಗಿ ಒಡೆದಿರುತ್ತದೆ. ಸುತ್ತಲಿನ 150 ಮೀಟರಿನೊಳಗಿನ ಮರ, ಕಟ್ಟಡಗಳಿಗಿಂತ ಒಂಬತ್ತು ಮೀಟರಾದರೂ ಎತ್ತರದಲ್ಲಿರಬೇಕೆಂಬುದು ಅನುಭವಿಗಳ ಮಾತು.

ಇನ್ನೊಂದು ತೊಡಕೂ ಉಂಟು. ಈ ಯಂತ್ರದ ಅಂಚು ಗಾಳಿಯ ವೇಗವನ್ನು ಹೆಚ್ಚಾಗಿ ಮೀರುವುದಿಲ್ಲ. ಐದು ಮೀಟರಿನ ಗಾಳಿಯಲ್ಲಿ ಅದು ನಿಮಿಷಕ್ಕೆ ಎಂಬತ್ತು ಸುತ್ತು ತಿರುಗೀತು. ಮೋಟಾರು ಗಾಡಿಯ ಡೈನಮೊಗೆ ಸಾವಿರದ ಮೇಲೆ ಬೇಕು. ನಡುವೆ ಗಿಯರನ್ನೋ ಪಟ್ಟಿಯನ್ನೋ ಹಾಕಿದರೆ ಇರುವ ಹತ್ತು ವ್ಯಾಟಿನಲ್ಲಿ ಒಂದು ಪಾಲು ಅಲ್ಲೇ ಸವೆಯುತ್ತದೆ. ಆದರೆ ನಿಧಾನವಾದರೂ ಬಲವಾಗಿ ತಿರುಗುವ ಗುಣ ನೀರೆತ್ತುವುದಕ್ಕೆ ಒಪ್ಪುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಬ್ರೇಸ್ ಸಂಶೋಧನಾ ಸಂಸ್ಥೆ 1960ರ ದಶಕದಲ್ಲಿ ಪೀಪಾಯಿ ಯಂತ್ರದ ಕೈಪಿಡಿ ಹೊರತಂದದ್ದು ನೀರೆತ್ತುವುದಕ್ಕಾಗಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಗೋವಿಂದರಾಜು ಮತ್ತು ಆರ್. ನರಸಿಂಹ ಅವರು 1979ರಲ್ಲಿ ವರದಿ ಮಾಡಿದ, ಹಾಯಿಗಳುಳ್ಳ ಅಗ್ಗದ ಸವೋನಿಯಸ್ ಯಂತ್ರದ ಗುರಿಯೂ ಅದೇ ಆಗಿತ್ತು.

ಹೆಚ್ಚು ವೇಗ ಬೇಕೆನ್ನುವವರಿಗೆ ಫ್ರಾನ್ಸಿನ ಜಾರ್ಜ್ ದಾರಿಯೂ 1920ರ ದಶಕದಲ್ಲಿಯೇ ಬೇರೊಂದು ದಾರಿ ತೋರಿದ. ಹಗ್ಗದಾಟದ ಹಗ್ಗ ಬಾಗುವಂತೆ ಬಾಗಿದ ತೆಳುವಾದ ರೆಕ್ಕೆಗಳು ಅವನ ಯಂತ್ರದಲ್ಲಿ ಗಾಳಿಗಿಂತ ನಾಲ್ಕೈದು ಪಟ್ಟು ವೇಗದಲ್ಲಿ ಓಡುತ್ತವೆ. ಆದರೆ ಸಾಮಾನ್ಯವಾಗಿ ತಾವಾಗಿ ಹೊರಡುವುದಿಲ್ಲ. ಯಾರಾದರೂ ತಳ್ಳಿ ಕೊಡಬೇಕು. ಪ್ರತಿ ಸುತ್ತಿನಲ್ಲೂ ರೆಕ್ಕೆಗಳ ಮೇಲಿನ ಒತ್ತಡ ಏರಿಳಿಯುವುದರಿಂದ ಲೋಹ ಬೇಗ ದಣಿಯುತ್ತದೆ. ಕೆನಡಾದ ಕಾಪ್‌ಶಾದಲ್ಲಿ 1980ರ ದಶಕದಲ್ಲಿ ಕಟ್ಟಿದ ನೂರು ಮೀಟರಿಗೂ ಮೀರಿದ ಎತ್ತರದ ‘ಇಯೋಲ್’ ಯಂತ್ರ 1993ರಲ್ಲಿ ನಿಂತುಹೋಯಿತು.

ಕೆಲಸಕ್ಕೆ ತೊಡಗುವವರು ಎರಡು ಅಪಾಯಗಳನ್ನು ಮರೆಯಬಾರದು. ಪೆಟ್ರೋಲು, ಬಣ್ಣದ ಥಿನ್ನರ್ ಮುಂತಾದುವಿದ್ದ ಪೀಪಾಯಿಯನ್ನು ತೊಳೆದಿದ್ದರೂ ಗ್ಯಾಸಿನ ಉರಿಯಿಂದ ಕತ್ತರಿಸಕೂಡದು. ಒಳಗೆ ಉಳಿದ ಆವಿ ಸಿಡಿದು ಪ್ರಾಣ ಹೋಗಬಹುದು. ಎರಡನೆಯದು ಬಿರುಗಾಳಿ. ಈ ಯಂತ್ರ ಗಾಳಿಯಿಂದ ಮುಖ ಮರೆಸಿಕೊಳ್ಳಲಾರದು. ಗಂಟೆಗೆ ನೂರು ಕಿಲೋಮೀಟರಿನ ಗಾಳಿಯಲ್ಲಿ ಒಂದೇ ಪೀಪಾಯಿಯನ್ನು ಐವತ್ತು ಕಿಲೋ ತೂಕದಷ್ಟು ಬಲ ಅಡ್ಡಕ್ಕೆ ನೂಕುತ್ತದೆ. ಬಿಗಿಯುವ ಉಕ್ಕಿನ ತಂತಿಗಳೂ ನಂಬಿಕೆಯ ಬ್ರೇಕೂ ಇಲ್ಲದೆ ಅದನ್ನು ಜನವಿರುವ ಕಡೆ ನಿಲ್ಲಿಸುವುದು ತಪ್ಪು.

ಇಂದು ಅಷ್ಟೇ ಅಗಲದ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ನೂರೈವತ್ತು ವ್ಯಾಟಿಗೂ ಹೆಚ್ಚು ಕೊಡುತ್ತದೆ. ದೀಪವಷ್ಟೇ ಬೇಕಾದವರಿಗೆ ಅದೇ ಲೇಸು. ಆದರೆ ಮೋಡ ಕವಿದು ಗಾಳಿ ಬೀಸುವ ಆಷಾಢದಲ್ಲಿ, ಬಯಲ ಹೊಲದಲ್ಲಿ, ತೊಟ್ಟಿಗೆ ಒಂದಿಷ್ಟು ನೀರೆತ್ತಲು ಪೀಪಾಯಿ ಈಗಲೂ ನೆರವಾದೀತು. ಅಂಥ ಯಂತ್ರ ಕಟ್ಟುವವರು ಮೊದಲು ಕೊಳ್ಳಬೇಕಾದದ್ದು ಪೀಪಾಯಿಯಲ್ಲ, ಗಾಳಿಯ ವೇಗವನ್ನು ಅಳೆಯುವ ಚಿಕ್ಕ ಮಾಪಕ. ಒಂದು ವರ್ಷ ಅದನ್ನು ಆ ಜಾಗದಲ್ಲಿಟ್ಟು ಬರೆದುಕೊಂಡರೆ, ತಗಡಿಗೆ ಉಳಿ ತಾಗಿಸುವ ಮೊದಲೇ ಯಂತ್ರ ಎಷ್ಟು ಕೊಟ್ಟೀತೆಂಬುದು ತಿಳಿದುಬರುತ್ತದೆ.